ಸಂಘದ ಕಾರಿನ ಟೈರು ಕುರಿತ ನಿರ್ಣಯ

೧೯೯೩ನೇ ಇಸವಿಯಲ್ಲಿ ಕೆ.ಆರ್.ಪೇಟೆಯಲ್ಲಿದ್ದ ನಾಲ್ಕು ತಾಲ್ಲೂಕುಗಳ ತೆಂಗಿನನಾರು ಸಹಕಾರ ಸಂಘದ ಬಿಳಿ ಕಾರಿನ ನಾಲ್ಕೂ ಟೈರು ಸವೆದುಹೋಗಿದ್ದವೆಂಬುದು ದಾಖಲೆಯಲ್ಲಿರುವ ಸತ್ಯ. ಕಾರ್ಯದರ್ಶಿಯಾಗಿ ಆ ದಾಖಲೆ ಬರೆದವನು ನಾನೇ.

ಕಾರಿಗಿಂತ ಅದರ ಚಾಲಕ ಚಲುವರಾಜುವಿನ ಪಾಡು ಕೆಟ್ಟಿತ್ತು. ತೊಂಬತ್ತು ದಿನ ಕಾರು ಓಡದಿದ್ದರೆ ಚಾಲಕನ ಹುದ್ದೆ ರದ್ದಾಗಿ, ಅವನು ಟೀ ಹಂಚುವ ಜವಾನನಾಗಬೇಕೆಂದು ನಮ್ಮ ನಿಯಮ. ಕಾರು ನಿಂತು ಆಗಲೇ ಎಂಬತ್ತೇಳು ದಿನ ಕಳೆದಿತ್ತು. ಹದಿನಾರು ವರ್ಷ ಸ್ಟೇರಿಂಗು ಹಿಡಿದವನು ಟೀ ತಟ್ಟೆ ಹಿಡಿಯುವುದನ್ನು ನೆನೆದರೆ ನನಗೂ ಸಂಕಟವಾಗುತ್ತಿತ್ತು. ಆದರೆ ನಿಯಮ ನಿಯಮವೇ.

ಕೊನೆಗೂ ಆಡಳಿತ ಮಂಡಳಿ ಸೇರಿತು. ಚಲುವರಾಜು ಕೈಮುಗಿದು, "ನಾಕೂ ಒಂದೇ ಸೈಜು ಆಕ್ಸಿ ಸಾಮಿ, ಸಾಕು" ಎಂದ.

ಎರಡು ಟ್ರಾಕ್ಟರಿನ ಒಡೆಯರಾದ ಅಧ್ಯಕ್ಷ ಬೋರಯ್ಯನವರಿಗೆ ಇದು ಸರಿಬರಲಿಲ್ಲ. "ಲೇ, ಟ್ರಾಕ್ಟರು ನೋಡಿಲ್ವೇನ್ಲಾ? ಮುಂದೆ ಚಿಕ್ದು, ಹಿಂದೆ ದೊಡ್ದು. ಅದ್ಕೇ ಎಂಥ ಕೆಸ್ರಲ್ಲೂ ಎದ್ದ್ ಬತ್ತದೆ ಕಣ್ಲಾ!"

ಎತ್ತಿನ ಗಾಡಿಯಲ್ಲೇ ಸಭೆಗೆ ಬರುವ ಉಪಾಧ್ಯಕ್ಷ ಮಂಚಯ್ಯನವರು ಎದ್ದು ನಿಂತರು. "ನಮ್ಮಪ್ಪನ ಕಾಲ್ದಿಂದ್ಲೂ ಗಾಡಿ ಚಕ್ರ ಸಮ ಕಣಣ್ಣ. ಎಚ್ಚುಕಮ್ಮಿ ಮಾಡುದ್ರೆ ಮಗ್ಚ್ಕತದೆ."

ಮಂಡಳಿ ಎರಡು ಪಕ್ಷವಾಯಿತು. ಕಾರು ಓಡಿಸುವವನನ್ನು ಮತ್ತೆ ಯಾರೂ ಕೇಳಲಿಲ್ಲ. ತೊಂಬತ್ತನೆಯ ದಿನ ಬೆಳಗ್ಗೆ ನಾನು ಈ ನಿರ್ಣಯ ಬರೆದೆ: "ಯಾರ ಮನಸ್ಸಿಗೂ ನೋವಾಗದಂತೆ, ಕಾರಿನ ಎಡಬದಿಗೆ ಟ್ರಾಕ್ಟರು ಪದ್ಧತಿಯನ್ನೂ ಬಲಬದಿಗೆ ಗಾಡಿ ಪದ್ಧತಿಯನ್ನೂ ಅಳವಡಿಸತಕ್ಕದ್ದು." ಹೀಗೆ ಮೂರು ಚಿಕ್ಕ ಟೈರು, ಎಡಗಡೆ ಹಿಂದಕ್ಕೆ ಒಂದು ದೊಡ್ಡ ಟೈರು ಬಂದವು.

ಅಂದೇ ಅಧ್ಯಕ್ಷರು ಅಕ್ಕಿಹೆಬ್ಬಾಳಿನಲ್ಲಿ ಶಾಖೆ ಉದ್ಘಾಟಿಸಬೇಕಿತ್ತು. ಎಡಕ್ಕೆ ತಿರುಗಿದರೆ ಅರ್ಧ ಗಂಟೆಯ ದಾರಿ. ಆದರೆ ಕಾರು ಬಲಕ್ಕೇ ಎಳೆಯಿತು.

"ಸಾಮಿ, ಎಡ್ಕೆ ತಿರ್ಗಾಕೆ ಒಪ್ತಾ ಇಲ್ಲ ಇದು."

"ಬಲ್ಕೇ ಓಗ್ಲಿ ಬುಡ್ಲಾ. ಆ ಕಡೀಕೇನ್ ಊರಿಲ್ವಾ?"

ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ ಎಲ್ಲ ಸುತ್ತಿ ಅಕ್ಕಿಹೆಬ್ಬಾಳು ಸೇರುವ ಹೊತ್ತಿಗೆ ಸಂಜೆಯಾಗಿತ್ತು. ಬೆಳಗ್ಗಿನಿಂದ ಹಾರ ಹಿಡಿದು ಕಾದಿದ್ದ ಜನ, ಅಧ್ಯಕ್ಷರು ನಾಲ್ಕು ತಾಲ್ಲೂಕು ವಿಚಾರಿಸಿಕೊಂಡು ಬಂದರೆಂದು ಚಪ್ಪಾಳೆ ತಟ್ಟಿದರು. ಮುಂದಿನ ಸಭೆಯಲ್ಲಿ ಎರಡೂ ಪಕ್ಷ ಒಂದಾಗಿ, ಪ್ರದಕ್ಷಿಣೆ ಶಾಸ್ತ್ರಸಮ್ಮತವಾದ್ದರಿಂದ ಸಂಘದ ವಾಹನ ಎಡಕ್ಕೆ ತಿರುಗುವುದನ್ನು ನಿಷೇಧಿಸಿದವು.

ಚಲುವರಾಜುವಿನ ಹುದ್ದೆ ಉಳಿಯಿತು. ಅಕ್ಕಿಹೆಬ್ಬಾಳಿನಲ್ಲೇ ಅವನ ಮನೆ. ಅಂದು ಸಂಜೆ ಉದ್ಘಾಟನೆ ಮುಗಿಸಿ ಅವನು ನಗುನಗುತ್ತಾ ಬಾಗಿಲಿಗೆ ಬಂದಾಗ ಹೆಂಡತಿ ಚಿಕ್ಕಬೋರಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಬೆಳಗ್ಗೆ ಒಂಟೋರು ಈಗ್ಲಾ ಬರದು? ಪ್ಯಾಟೆಯಿಂದ ಇಲ್ಗೆ ಏಟ್ ದೂರ ಅದೆ?"

"ದೂರ ಏನಿಲ್ಲ ಕಣಮ್ಮಿ, ನಾಕೇ ತಾಲೂಕು."

ಅವಳು ಸೊಂಟದಿಂದ ಕೈ ತೆಗೆದಳು. "ಅಂಗಾದ್ರೆ ನಾಳೀಕೆ ನಾಗಮಂಗಲದಿಂದ ನಮ್ಮಕ್ಕನ್ನ ಅತ್ತುಸ್ಕ ಬನ್ನಿ. ದಾರೀಲೇ ತಾನೆ?"