ಉಂಡವರಿಗೆ ಹೆಚ್ಚು ಅಂಕ

ಗಟ್ಟಿಯಾಗಿ ಓದದಿದ್ದರೆ ಸಂಘರತ್ನನಿಗೆ ಒಂದಕ್ಷರವೂ ತಲೆಗೆ ಹತ್ತುವುದಿಲ್ಲ. ಎಡವಟ್ಟು ಶುರುವಾದದ್ದು ಈ ಚಟದಿಂದಲೇ. ಆ ಭಾನುವಾರ ಮಧ್ಯಾಹ್ನ ಹುಮನಾಬಾದಿನಲ್ಲಿ ಗುಮಾಸ್ತರ ಹುದ್ದೆಯ ಪರೀಕ್ಷೆ. ಈ ಸಲ ತಪ್ಪಿದರೆ ವಯಸ್ಸು ಮೀರಿ, ಸರ್ಕಾರಿ ಕುರ್ಚಿಯ ಆಸೆ ಅಲ್ಲಿಗೇ ಮುಗಿದಂತೆ. ಇಡೀ ರಾತ್ರಿ ಹೊರಳಾಡಿ ಎದ್ದ ಅವನು ಬಸವಕಲ್ಯಾಣದ ತನ್ನ ಓಣಿಯಲ್ಲಿ ಅತ್ತಿಂದಿತ್ತ ಸುತ್ತುತ್ತ, ತಾರ್ಕಿಕ ಪ್ರಶ್ನೆಗಳ ಪುಸ್ತಕ ಹಿಡಿದು ಕೂಗಿ ಓದಿದ:

“ಒಂದು ಆರೋಗ್ಯ ಅಧ್ಯಯನದ ಪ್ರಕಾರ, ಪರೀಕ್ಷೆಗೆ ಮುನ್ನ ಹೊಟ್ಟೆ ತುಂಬ ಉಂಡವರಿಗೆ ಹೆಚ್ಚು ಅಂಕ ಬಂದಿವೆ. ಹಾಗಾದರೆ...”

ಹಾಗಾದರೆ ಏನೆಂಬುದು ಯಾರಿಗೂ ಬೇಕಾಗಲಿಲ್ಲ. ಅವ್ವ ಅಂಬುಬಾಯಿ ರೊಟ್ಟಿ, ಎಣ್ಣೆಗಾಯಿ ಹಿಡಿದು ಹೊರಗೆ ಬಂದಳು.

“ಅವ್ವಾ, ಇದು ಖರೇ ಸುದ್ದಿ ಅಲ್ಲ, ಬರೇ ಪ್ರಶ್ನೆ! ಉಂಡ ಮ್ಯಾಲ ಅಂಕ ಬಂದ್ವು ಅಂದ್ರ ಉಂಡಿದ್ದಕ್ಕೇ ಬಂದ್ವು ಅಂತ ಅಲ್ಲ. ಉಂಡೋರ ಮನ್ಯಾಗ ಓದಾಕ ಬ್ಯಾರೆ ಸವಲತ್ತೂ ಇದ್ದಿರಬಹುದು.”

“ಶಾಣ್ಯಾತನ ಪರೀಕ್ಷಾದಾಗ ತೋರಸು. ಈಗ ಉಣ್ಣು.”

ಉಂಡ. ಅಷ್ಟರಲ್ಲಿ ಪಕ್ಕದ ಮನೆಯ ಖುರ್ಷೀದ್ ಬೇಗಂ ಗೋಡೆಯ ಮೇಲಿಂದ ಖಿಚಡಿಯ ತಟ್ಟೆ ಚಾಚಿದರು. “ನಾನೂ ಕೇಳೀನಿ ಬೇಟಾ. ಎಲ್ಲಾ ಅಂಕ ಅವ್ವನ ರೊಟ್ಟಿಗೇ ಹೋಗಬೇಕೇನು?”

ಅದನ್ನೂ ಮುಗಿಸಿ ಓಡಿ ಬಸ್ಸು ಹಿಡಿದರೆ, ಪಕ್ಕದ ಸೀಟಿನಲ್ಲಿ ಎದುರು ಮನೆಯ ಭೀಮಬಾಯಿ! ಹುಮನಾಬಾದಿನ ಮಗಳ ಮನೆಗೆ ಹೊರಟಿದ್ದ ಅವಳು, ಮಗಳಿಗೆಂದು ಕಟ್ಟಿದ್ದ ಎಳ್ಳುಂಡೆಯ ಡಬ್ಬಿಯನ್ನು ಅಲ್ಲೇ ಬಿಚ್ಚಿದಳು.

“ಬ್ಯಾಡ ಅತ್ತಿ, ಉಸರಾಡಾಕೂ ಜಾಗಾ ಇಲ್ಲ.”

ಭೀಮಬಾಯಿ ಎದ್ದು ನಿಂತು ಬಸ್ಸಿಗೆಲ್ಲ ಕೇಳುವಂತೆ ದೂರು ಕೊಟ್ಟಳು. “ನೋಡ್ರಿ, ಉಂಡೋರಿಗೇ ಅಂಕ ಅಂತ ಪುಸ್ತಕದಾಗ ಬರದದ. ಈ ಹುಡುಗ ಒಲ್ಲೆ ಅನ್ನಾಕತ್ತಾನ!”

ಬಸ್ಸಿಗೆ ಬಸ್ಸೇ ಅವಳ ಕಡೆಯಾಯಿತು. ಹಿಂದಿನ ಸೀಟಿನಿಂದ ಬಾಳೆಹಣ್ಣು ಬಂತು, ಮುಂದಿನಿಂದ ಯಾರದೋ ಮೊಸರವಲಕ್ಕಿ. ಹುಮನಾಬಾದಿನಲ್ಲಿ ಇಳಿದಾಗ ಸಂಘರತ್ನ ತುಂಬು ಬಸುರಿಯಂತೆ ಸೊಂಟಕ್ಕೆ ಕೈಕೊಟ್ಟು ನಡೆಯುತ್ತಿದ್ದ.

ಪರೀಕ್ಷೆಯ ಮೊದಲ ಪ್ರಶ್ನೆ ನೋಡಿದರೆ ಅದೇ, ಊಟ ಮತ್ತು ಅಂಕ! ಸಂತೋಷದಿಂದ ಪೆನ್ನು ಎತ್ತಿದ. ಹೊಟ್ಟೆ ಗುಡುಗಿತು. ಪೆನ್ನು ಬಿಟ್ಟು ಕೈ ಎತ್ತಿದ. ಹಾಗೆ ಹೊರಗೆ ಹೋದವನು ಮತ್ತೆ ಪರೀಕ್ಷಾ ಕೋಣೆಗೆ ಮರಳಲಿಲ್ಲ. ಪಾಯಿಖಾನೆಯ ಬಾಗಿಲಿಗೆ ಹಣೆ ಹಚ್ಚಿ, ತನ್ನ ಬದುಕು ಇಲ್ಲಿಗೆ ಮುಗಿಯಿತೆಂದು ನಿಜವಾಗಿಯೂ ಅತ್ತ.

ಕೊನೆಗೆ ಹೊರಬಂದಾಗ ಅಂಗಳದಲ್ಲಿ ಗದ್ದಲ. ಅರ್ಧ ಮಂದಿಗೆ ಪ್ರಶ್ನೆಪತ್ರಿಕೆ ಸಾಲದೆ ಪರೀಕ್ಷೆ ರದ್ದಾಗಿತ್ತು. ಮುಂದಿನ ಭಾನುವಾರ ಮತ್ತೆ ನಡೆಯುವುದಿತ್ತು. ಹೋದ ಜೀವ ಬಂದಂತಾಯಿತು.

ಸಂಜೆ ಮನೆಗೆ ಬಂದವನೇ ಅವ್ವನ ಮೇಲೆ ಹರಿಹಾಯ್ದ. “ನಿಮ್ಮ ಊಟದಿಂದ ನನ್ನ ಹೊಟ್ಟಿ ಕೆಟ್ಟಿತು!”

“ಉಂಡ ಮ್ಯಾಲ ಆತು ಅಂದ್ರ ಉಂಡಿದ್ದಕ್ಕೇ ಆತು ಅಂತ ಅಲ್ಲ. ಮುಂಜಾನೆ ನೀನ ಹೇಳಿದ್ದಿಲ್ಲೇನು?” ಎಂದಳು ಅಂಬುಬಾಯಿ. “ಮುಂದಿನ ಐತ್ವಾರ ಹೋಳಿಗಿ ಮಾಡ್ತೀನಿ.”

ಗೋಡೆಯಾಚೆಯಿಂದ ಬೇಗಂ ತಾವು ಬಿರಿಯಾನಿ ಮಾಡುವುದಾಗಿ ಕೂಗಿದರು. ಸಂಘರತ್ನ ತರ್ಕದಿಂದ ಇವರನ್ನು ಗೆಲ್ಲಲಾಗದೆಂದು ಖಾತ್ರಿಯಾಗಿ, ಪುಸ್ತಕ ತೆರೆದು, ಅದರಲ್ಲಿ ಇಲ್ಲದ್ದನ್ನು ಓಣಿಗೆಲ್ಲ ಕೇಳುವಂತೆ ಓದಿದ:

“ಹೊಸ ಅಧ್ಯಯನದ ಪ್ರಕಾರ, ಖಾಲಿ ಹೊಟ್ಟೆಯವರಿಗೇ ಎಲ್ಲರಿಗಿಂತ ಹೆಚ್ಚು ಅಂಕ ಬಂದಿವೆ!”

ಹೋಳಿಗೆ, ಬಿರಿಯಾನಿಯ ಮಾತು ಅಲ್ಲಿಗೇ ನಿಂತಿತು. ಗೆದ್ದೆನೆಂದು ಅವನು ಕೈಕಾಲು ತೊಳೆದು ಊಟಕ್ಕೆ ಕುಳಿತ. ಬೆಳಿಗ್ಗೆ ಉಂಡದ್ದೆಲ್ಲ ಹುಮನಾಬಾದಿನಲ್ಲೇ ಉಳಿದು, ಈಗ ಹಸಿವು ಕರುಳು ಕಿತ್ತು ಬರುವಷ್ಟಿತ್ತು. ಬಿಸಿ ರೊಟ್ಟಿ, ಝುಣಕದ ವಾಸನೆ ಬರುತ್ತಿತ್ತು. ಅವನು ರೊಟ್ಟಿ ಮುರಿಯುವಷ್ಟರಲ್ಲಿ ಅಂಬುಬಾಯಿ ತಟ್ಟೆ ಎತ್ತಿಕೊಂಡಳು.

“ಒಂದ ದಿನ ಹೊಟ್ಟಿ ಖಾಲಿ ಇಟ್ರ ಎಷ್ಟು ಅಂಕ ಬಂದಾವು? ಇವತ್ತಿಂದನ ಸುರು ಮಾಡು.”

“ಅವ್ವಾ, ಅದು ಸುಳ್ಳ! ನಾನ ಹುಟ್ಟಿಸಿ ಓದಿದ್ದು!”

“ಮುಂಜಾನಿದಕ್ಕೂ ಹಿಂಗ ಖರೇ ಅಲ್ಲ ಅಂತ ಅಂದಿದ್ದಿ,” ಎಂದು ಅವಳು ಅಡುಗೆಮನೆಯ ಚಿಲಕ ಹಾಕಿದಳು.

ಆಸೆಯಿಂದ ಅವನು ಗೋಡೆಯ ಕಡೆ ನೋಡಿದ. ಖುರ್ಷೀದ್ ಬೇಗಂ ಹಬೆಯಾಡುವ ಪಾತ್ರೆ ಹಿಡಿದು ಅನುಮಾನಿಸುತ್ತ ನಿಂತಿದ್ದರು.

“ಅವಂಗ ಕೊಡಬ್ಯಾಡ್ರಿ ಬೇಗಂ,” ಅಂಬುಬಾಯಿ ಒಳಗಿನಿಂದಲೇ ಕೂಗಿದಳು, “ಅಂಕ ಕಡಿಮಿ ಆಗ್ತಾವ!”