ಆಟಿಕೆ ಅಂಗಡಿಯವಳ ಮಗಳ ಲೆಕ್ಕ

ಮಕ್ಕಳ ಆಟಿಕೆ ಅಂಗಡಿ ಇಟ್ಟವರು ನಗುವುದಕ್ಕೆ ಬೇರೆ ದಾರಿ ಹುಡುಕಬೇಕಾಗಿಲ್ಲ. ಷಟರ್ ಎತ್ತಿ ಕೂತರೆ ಸಾಕು, ದಿನಕ್ಕೊಂದು ನಗು ತಾನಾಗಿ ಮೆಟ್ಟಿಲು ಹತ್ತಿ ಬರುತ್ತದೆ.

ಕೊಟ್ಟೂರಿನಲ್ಲಿ ಬಸ್ ಸ್ಟ್ಯಾಂಡಿಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಮೊದಲು ಬಳೆ, ರಿಬ್ಬನ್ನು, ಪಿನ್ನು ಇಟ್ಟಿದ್ದೆ. ಈಗ ಮರದ ಅಕ್ಷರಗಳು, ಮಣಿಚೌಕಟ್ಟು, ಚಿತ್ರದ ಹಲಗೆ ಇಂಥವೇ ಹೆಚ್ಚು. ಪುಟ್ಟ ಮಕ್ಕಳ ಕೈಗೆ ಕೊಟ್ಟರೆ ತಲೆಗೆ ಹೋಗುತ್ತದೆ ಎನ್ನುವಂಥ ಸಾಮಾನು. "ಫೋನು ಬಿಡಸೋವಂಥದ್ದು ಏನರ ಕೊಡ್ರಿ" ಎನ್ನುತ್ತಲೇ ಜನ ಒಳಗೆ ಬರುತ್ತಾರೆ. ಯಾವ ವಯಸ್ಸಿಗೆ ಏನು ಕೊಡಬೇಕು ಎಂದು ನಾನೂ ದೊಡ್ಡ ಪಂಡಿತೆಯ ಹಾಗೆ ಹೇಳಿ ಕಳಿಸುತ್ತೇನೆ.

ಹೇಳುವಾಗ ಒಳಗೊಳಗೇ ಒಂದು ಅಳುಕು. ಹೋದ ವರ್ಷ ನನ್ನ ಮಗಳನ್ನೇ ಶಾಲೆಗೆ ಸೇರಿಸಲು ಕರೆದುಕೊಂಡು ಹೋದಾಗ ಅಲ್ಲಿನ ಟೀಚರು ಮೂರು ಪೆನ್ಸಿಲ್ ಹಿಡಿದು "ಎಷ್ಟಮ್ಮಾ?" ಎಂದು ಕೇಳಿದರು. ಮಗಳು ಪೆನ್ಸಿಲ್ ನೋಡಿದಳು, ಟೀಚರನ್ನು ನೋಡಿದಳು, ಆಮೇಲೆ ನನ್ನ ಸೆರಗಿನೊಳಗೆ ಮುಖ ಮುಚ್ಚಿಕೊಂಡಳು. "ಇನ್ನೊಂದು ವರ್ಷ ಮನೆಯಲ್ಲೇ ಇರಲಿ, ಸ್ವಲ್ಪ ಬಾಯಿ ಬಿಡೋದು ಕಲಿಸ್ಕೊಂಡು ಬನ್ನಿ" ಎಂದು ವಾಪಸು ಕಳಿಸಿದರು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಲ್ಲಿ ಬಿದ್ದ ಹಾಗಾಯಿತು ನನ್ನ ಪಾಡು. ಮನೆಗೆ ಬಂದು ಹೇಳಿದರೆ ನನ್ನ ಗಂಡ, "ನಿನ್ನ ಹೊಟ್ಯಾಗ ಹುಟ್ಟಿ ಮಾತಾಡದ ಇರೋದು ಹೆಂಗ ಸಾಧ್ಯ ಆತು?" ಎಂದು ಕೇಳಿದರು. ಅವರಿಗೆ ತಮಾಷೆ, ನನಗೆ ಎರಡು ದಿನ ಊಟ ಸೇರಲಿಲ್ಲ.

ಆ ಒಂದು ವರ್ಷದಲ್ಲಿ ನಡೆದ ಕೆಲವು ಸಂಗತಿ ಇವು.

ಎಂಟು ಮಣಿ ಕಡಿಮೆ

ಇಟ್ಟಿಗಿಯಿಂದ ಒಬ್ಬ ಅಜ್ಜಿ ಬಂದರು. ಹಣೆ ತುಂಬ ವಿಭೂತಿ, ಕಂಕುಳಲ್ಲಿ ಕೈಚೀಲ. ಮೊಮ್ಮಗ ಎಣಿಸುವುದು ಕಲಿಯಬೇಕಂತೆ, ಮಗ ಸೊಸೆ ಇಬ್ಬರಿಗೂ ಪುರಸೊತ್ತಿಲ್ಲವಂತೆ, ಹಾಗಾಗಿ ಆರಿಸುವ ಜವಾಬ್ದಾರಿ ತಮ್ಮದೇ ಎಂದರು. ನಾನು ಮಣಿಚೌಕಟ್ಟು ತೋರಿಸಿದೆ. ಮರದ ಚೌಕಟ್ಟು, ಅಡ್ಡಕ್ಕೆ ಹತ್ತು ತಂತಿ, ಒಂದೊಂದು ತಂತಿಗೆ ಹತ್ತು ಬಣ್ಣದ ಮಣಿ. ಅಜ್ಜಿ ಒಂದು ಮಣಿ ಸರಿಸಿದರು, ಇನ್ನೊಂದು ಸರಿಸಿದರು. ಮುಖ ಅರಳಿತು.

"ಚಲೋ ಐತಿ ನೋಡು ತಂಗಿ. ಕೈಯಾಗಿಂದ ಜಾರಂಗಿಲ್ಲ, ಗಂಟು ಬೀಳಂಗಿಲ್ಲ. ಕಟ್ಟಿಕೊಡು."

ಮೊಮ್ಮಗನ ಅನುಕೂಲ ನೋಡಿ ಹೇಳುತ್ತಿದ್ದಾರೆ ಎಂದುಕೊಂಡು ಕಟ್ಟಿಕೊಟ್ಟೆ.

ಮುಂದಿನ ವಾರ ಅಜ್ಜಿ ಮತ್ತೆ ಬಂದರು. ಈ ಸಲ ಮುಖ ಗಂಟು ಹಾಕಿಕೊಂಡಿದ್ದರು. ಮಣಿಚೌಕಟ್ಟನ್ನು ತೆಗೆದು ಮೇಜಿನ ಮೇಲೆ ಕುಕ್ಕಿದರು.

"ಏನವ್ವಾ, ಮುದುಕಿ ಅಂತ ಮೋಸ ಮಾಡ್ತೀಯೇನು? ಮಣಿ ಕಡಿಮಿ ಅದಾವ."

ನಾನು ಗಾಬರಿಯಿಂದ ಅವರ ಎದುರಿಗೇ ಎಣಿಸಿದೆ. "ಸರಿಯಾಗಿ ನೂರು ಅದಾವಲ್ಲಮ್ಮಾ?"

"ಅದನ್ನ ಹೇಳಾಕತ್ತೀನಿ. ನೂರೆಂಟು ಇರಬೇಕಲ್ಲ? ಮುಂಜಾನಿ ಜಪಕ್ಕ ಕುಂತ್ರ ಕಡೇ ಎಂಟು ಬೆರಳಿನ ಮ್ಯಾಲ ಎಣಿಸಬೇಕಾಗೈತಿ."

"ಹಂಗಾರ ನಿಮ್ಮ ಮೊಮ್ಮಗ ಎದರಾಗ ಎಣಿಸ್ತಾನ?"

"ಅವನಿಗೆ ನನ್ನ ಹಳೇ ರುದ್ರಾಕ್ಷಿ ಸರ ಕೊಟ್ಟೀನಿ. ಆಡ್ಲಿ ಬಿಡು, ಸಣ್ಣವ ಅದಾನ."

ಸುಣ್ಣ ಹೊಡೆದ ಕರಡಿ

ಗುಡೇಕೋಟೆಯ ಕಡೆಯ ಒಬ್ಬ ಕುರಿಗಾರ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ. ಅವನಿಗೆ ಪ್ರಾಣಿಗಳ ಹಲಗೆ ಬೇಕಾಗಿತ್ತು. ಒಂದೊಂದು ಪ್ರಾಣಿಯ ತುಂಡನ್ನೂ ಎತ್ತಿ ಮತ್ತೆ ಅದರದರ ಗುಳಿಯಲ್ಲೇ ಕೂರಿಸುವಂಥದ್ದು. ಹುಡುಗ ಚುರುಕು. ಆಕಳು ಎತ್ತಿ ಹೆಸರು ಹೇಳಿದ, ಕುರಿ ಎತ್ತಿ ಹೇಳಿದ, ಆನೆಯನ್ನೂ ಹೇಳಿದ. ಆಮೇಲೆ ಒಂದು ತುಂಡನ್ನು ಹಿಂದೆ ಮುಂದೆ ತಿರುಗಿಸಿ ನೋಡತೊಡಗಿದ.

"ಅದು ಕರಡಿ ಪುಟ್ಟಾ" ಎಂದೆ. ಎಲ್ಲೋ ಹಿಮದ ದೇಶದ ಬೆಳ್ಳನೆಯ ಕರಡಿ.

ಹುಡುಗ ಅಪ್ಪನ ಕಡೆ ತಿರುಗಿದ. "ಅಪ್ಪಾ, ಕರಡಿಗೆ ಸುಣ್ಣ ಯಾರು ಹೊಡದಾರ?"

ನನಗೆ ನಗು ತಡೆಯಲಾಗಲಿಲ್ಲ. ಅಪ್ಪ ಮಾತ್ರ ನಗಲಿಲ್ಲ.

"ಇದು ಬ್ಯಾಡ್ರಿ ಅಕ್ಕಾರ. ನಮ್ಮ ಗುಡ್ಡದಾಗ ಖರೇ ಕರಡಿ ಅದಾವ. ಕರಡಿ ಅಂದ್ರ ಬೆಳ್ಳಗ ಇರ್ತೈತಿ ಅಂತ ಇವ ಕಲ್ತು, ನಾಳೆ ಕರೇದು ಎದುರಿಗೆ ಬಂದ್ರ, ಇದು ಬ್ಯಾರೆ ಏನೋ ಐತಿ ಅಂತ ಮಾತಾಡ್ಸಾಕ ಹೋದ್ರ ಏನ್ ಮಾಡ್ಲಿ?"

ಅವನ ಮಾತು ಕೇಳಿ ನನ್ನ ನಗು ನಿಂತಿತು. ಆಟಿಕೆ ಆರಿಸಲು ಬರುವ ಎಲ್ಲರ ಹಿಂದೆಯೂ ಒಂದು ಭಯ ಇರುತ್ತದೆ ಎನ್ನುವುದು ನನಗೆ ಗೊತ್ತಿತ್ತು. ಒಬ್ಬರಿಗೆ ಮಗು ಹಿಂದೆ ಬೀಳುತ್ತದೆ ಎಂಬ ಭಯ, ಇನ್ನೊಬ್ಬರಿಗೆ ಫೋನಿನ ಭಯ, ನನಗೆ ನನ್ನ ಮಗಳ ಮೌನದ ಭಯ. ಈ ಮನುಷ್ಯನಿಗೆ ಕರಡಿಯ ಭಯ. ನಮ್ಮೆಲ್ಲರಿಗಿಂತ ಅವನದೇ ನ್ಯಾಯವಾದದ್ದು ಅನ್ನಿಸಿತು. ಕಪ್ಪು ಸ್ಕೆಚ್ ಪೆನ್ ತೆಗೆದು ಕರಡಿಯ ಮೈಯೆಲ್ಲ ತಿದ್ದಿ, ಹುಡುಗನ ಕೈಗೆ ಕೊಟ್ಟೆ. ಹುಡುಗ ನೋಡಿದವನೇ ಕಿಟಾರನೆ ಕಿರುಚಿ, ತುಂಡನ್ನು ಬಿಸಾಕಿ, ಅಪ್ಪನ ಕಾಲ ಹಿಂದೆ ಅಡಗಿದ.

ಅಪ್ಪನಿಗೆ ಆಗ ಸಮಾಧಾನವಾಯಿತು. "ಹಾಂ, ಈಗ ಕಲ್ತ ನೋಡ್ರಿ."

ಹಳದಿ ನಟ್ಟು

ನನ್ನ ಅಂಗಡಿಯ ಎದುರಿಗೆ ಒಬ್ಬ ಸಾಹೇಬರ ಬೈಕ್ ರಿಪೇರಿ ಅಂಗಡಿ ಇದೆ. ಅವರ ಮಗಳು ನನ್ನ ಮಗಳ ವಾರಿಗೆಯವಳು, ಆದರೆ ಬಾಯಿ ಮಾತ್ರ ನಮ್ಮ ಮನೆಯ ಪಾಲನ್ನೂ ಸೇರಿಸಿ ತಂದಿದ್ದಾಳೆ. ಅಪ್ಪನ ಪಾನಾ, ಸ್ಕ್ರೂಡ್ರೈವರ್ ಮುಟ್ಟಿ ಮುಟ್ಟಿ ಬೈಸಿಕೊಳ್ಳುತ್ತಿದ್ದಳು. "ಇವಳ ಕೈಗೆ ಏನರ ಕೊಡ್ರಿ ಅಕ್ಕಾ" ಎಂದು ಸಾಹೇಬರು ಕೇಳಿದಾಗ ನಾನು ಪ್ಲಾಸ್ಟಿಕ್ ನಟ್ಟು ಬೋಲ್ಟಿನ ಡಬ್ಬಿ ಕೊಟ್ಟೆ. ಕೆಂಪು, ನೀಲಿ, ಹಳದಿ. ಬಿಗಿ ಮಾಡುವುದು, ಸಡಿಲ ಮಾಡುವುದು, ಬೆರಳಿಗೆ ಒಳ್ಳೆಯ ಅಭ್ಯಾಸ.

ಒಂದು ವಾರ ಎಲ್ಲ ಶಾಂತವಾಗಿತ್ತು. ಆಮೇಲೆ ಒಂದು ಮಧ್ಯಾಹ್ನ ಹಗರಿಬೊಮ್ಮನಹಳ್ಳಿಯಿಂದ ಒಬ್ಬ ಗಿರಾಕಿ ಬೈಕ್ ತಿರುಗಿಸಿಕೊಂಡು ಬಂದ. ಅದೇ ದಿನ ಬೆಳಿಗ್ಗೆ ರಿಪೇರಿ ಮಾಡಿಸಿಕೊಂಡು ಹೋದವನು.

"ಸಾಹೇಬ್ರ, ಇದೇನು ಹೊಸಾ ಮಾಡಲ್ ಏನ್ರಿ? ದಾರ್ಯಾಗ ಎಲ್ಲಾರು ನೋಡಿ ನಗಾಕತ್ಯಾರ."

ನಂಬರ್ ಪ್ಲೇಟು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಬೋಲ್ಟಿನ ತುದಿಗೆ ಲಿಂಬೆಹಣ್ಣಿನ ಬಣ್ಣದ ಒಂದು ಪ್ಲಾಸ್ಟಿಕ್ ನಟ್ಟು ಸಿಕ್ಕಿಕೊಂಡಿತ್ತು. ಸಾಹೇಬರ ಮುಖ ಕೆಂಪಾಯಿತು. ಮಗಳನ್ನು ಕರೆದು, "ಏ ಬೇಟಿ, ಅಸಲಿ ನಟ್ಟು ಎಲ್ಲಿ?" ಎಂದು ಗುಡುಗಿದರು.

ಅವಳು ಹೆದರಲಿಲ್ಲ. ಒಳಗೆ ಓಡಿ ತನ್ನ ಆಟಿಕೆ ಡಬ್ಬಿ ತಂದು ತೆರೆದು ತೋರಿಸಿದಳು. ಕೆಂಪು, ನೀಲಿ ನಟ್ಟುಗಳ ನಡುವೆ ಒಂದು ಹೊಳೆಯುವ ಕಬ್ಬಿಣದ ನಟ್ಟು.

"ಇಲ್ಲಿ ಐತಿ ಅಬ್ಬಾ. ಚಲೋದು ಅಂತ ನಾನು ಜ್ವಾಪಾನ ಇಟ್ಟೀನಿ, ಕಲರ್ ಇದ್ದದ್ದು ಗಿರಾಕಿಗೆ ಕೊಟ್ಟೀನಿ."

ಸಾಹೇಬರು ನನ್ನ ಕಡೆ ನೋಡಿ ಕೈ ಮುಗಿದರು. "ಯಾಪಾರ ಅಂತೂ ಕಲ್ತಾಳ ಅಕ್ಕಾ. ಇನ್ನ ಮುಂದಿನ ಡಬ್ಬಿ ಬ್ಯಾಡ."

ಬೇಳೆಯೂ ಕಲಿಯಲಿ

ಆ ಹುಡುಗಿಯ ಮಾತು ಕೇಳಿದ ದಿನ ನನಗೆ ನಗುವಿನ ಜೊತೆ ಹೊಟ್ಟೆಕಿಚ್ಚೂ ಆಯಿತು. ನನ್ನ ಮಗಳಿಗೆ ಅಂಗಡಿಯಲ್ಲಿದ್ದ ಎಲ್ಲವನ್ನೂ ಕೊಟ್ಟು ಮುಗಿದಿತ್ತು. ಮಣಿ ಸರಿಸುತ್ತಾಳೆ, ಬಣ್ಣ ಜೋಡಿಸುತ್ತಾಳೆ, "ಎಷ್ಟು?" ಎಂದರೆ ಗೋಡೆ ನೋಡುತ್ತಾಳೆ. ಕಾಳು ಬೇರೆ ಮಾಡಿಸಿದರೆ ಮಕ್ಕಳು ತಾವಾಗಿ ಎಣಿಸಲು ಶುರು ಮಾಡುತ್ತಾರೆ ಎಂದು ಯಾವುದೋ ವಿಡಿಯೋದಲ್ಲಿ ನೋಡಿದೆ. ಒಂದು ತಟ್ಟೆಯಲ್ಲಿ ತೊಗರಿಬೇಳೆ, ಹೆಸರುಕಾಳು, ಕಡಲೆ ಕಲಸಿ, ಮೂರು ಬಟ್ಟಲು ಇಟ್ಟು, ಭಾನುವಾರ ಅವಳನ್ನು ಮನೆಯ ಮುಂದಿನ ಕಟ್ಟೆಯ ಮೇಲೆ ಕೂರಿಸಿದೆ.

ಎಷ್ಟು ಚೆನ್ನಾಗಿ ಆರಿಸಿದಳು! ಒಂದು ಕಾಳು ತಪ್ಪಲಿಲ್ಲ. ಬಾಯಿ ಮಾತ್ರ ಬಿಡಲಿಲ್ಲ.

ಪಕ್ಕದ ಮನೆಯಾಕೆ ಬಂದು ನಿಂತರು. "ಏನ್ರಿ ಇದು, ಇಷ್ಟು ಸಣ್ಣ ಕೂಸಿಗೆ ಕೆಲಸ ಹಚ್ಚೀರಿ?"

"ಕೆಲಸ ಅಲ್ರಿ ಅಕ್ಕಾ, ಕಲಿಯಾಕತ್ಯಾಳ. ಬೆರಳು ಆಡಿದಂಗ ಬುದ್ಧಿ ಬೆಳಿತೈತಂತ" ಎಂದು ನಾನು ಗಿರಾಕಿಗಳಿಗೆ ಹೇಳುವುದನ್ನೆಲ್ಲ ಅವರಿಗೂ ಹೇಳಿದೆ. ಅವರು ಬಹಳ ಗೌರವದಿಂದ ತಲೆ ಆಡಿಸಿ ಹೋದರು.

ಮರುದಿನ ಅಂಗಡಿಯಿಂದ ಮನೆಗೆ ಬಂದರೆ ಕಟ್ಟೆಯ ಮೇಲೆ ನಾಲ್ಕು ಮೊರ. ಒಂದರಲ್ಲಿ ರೇಷನ್ ಅಕ್ಕಿ, ಒಂದರಲ್ಲಿ ಸಾಸಿವೆ, ಉಳಿದವುಗಳಲ್ಲಿ ಬೇಳೆ. ನಡುವೆ ನನ್ನ ಮಗಳು, ಮಹಾರಾಣಿಯ ಗತ್ತಿನಲ್ಲಿ ಕಲ್ಲು ಹೆಕ್ಕುತ್ತಿದ್ದಾಳೆ. ನನಗೆ ಮೈ ಉರಿದುಹೋಯಿತು. "ಏನ್ರಿ ಅಕ್ಕಾ ಇದು?" ಎಂದು ಬೇಲಿಯ ಆಚೆಗೆ ಕೂಗಿದೆ.

"ಸಿಟ್ಟಾಗಬ್ಯಾಡವ್ವಾ. ಹೆಂಗೂ ಕಲಿಯಾಕತ್ಯಾಳ, ನಮ್ಮನಿ ಬ್ಯಾಳಿನೂ ಒಂದೀಟು ಕಲೀಲಿ ಅಂತ ತಂದಿಟ್ಟೀವಿ."

ಶಾಲೆಯಲ್ಲಿ

ವರ್ಷ ಮುಗಿಯುತ್ತಾ ಬಂತು. ನನ್ನ ಪ್ರಯತ್ನಗಳೂ ಮುಗಿದಿದ್ದವು.

ಮನೆಯಲ್ಲಿ ನಮ್ಮ ಮಾವನವರು ಇದ್ದಾರೆ. ಮಗಳಿಗೆ ಅವರು ತಾತ. ವಯಸ್ಸಿನಲ್ಲಿದ್ದಾಗ ದಲ್ಲಾಳಿ ಅಂಗಡಿಯಲ್ಲಿ ಕಾಳು ಅಳೆಯುತ್ತಿದ್ದರು. ಅವರ ಸೇರು, ಪಾವು ಅಟ್ಟದ ಮೇಲೆ ಬಿದ್ದಿದ್ದವು. ಯಾವಾಗ ಕೆಳಗಿಳಿದವೋ ಗೊತ್ತಿಲ್ಲ. ಮಧ್ಯಾಹ್ನ ನಾನು ಅಂಗಡಿಯಲ್ಲಿದ್ದಾಗ ತಾತ ಮೊಮ್ಮಗಳು ಪಡಸಾಲೆಯಲ್ಲಿ ಜೋಳದ ಗುಡ್ಡೆ ಹಾಕಿಕೊಂಡು, ಈ ಗುಡ್ಡೆಯಿಂದ ಆ ಗುಡ್ಡೆಗೆ ಅಳೆಯುತ್ತಿದ್ದರಂತೆ. ನಾನು ಬಂದು ನೋಡಿದರೆ ಮನೆ ತುಂಬ ಜೋಳ.

"ಮಾವಾರ, ಅಂಗಡ್ಯಾಗ ಅಷ್ಟು ಆಟಗಿ ಸಾಮಾನು ಅದಾವ. ಜ್ವಾಳ ಚೆಲ್ಲಿ ಆಡೋದು ಯಾಕ್ರಿ?"

"ಆಟ ಅಲ್ಲವ್ವಾ, ಯಾಪಾರ" ಎಂದರು ಅವರು. ಮಗಳು ತಲೆ ಆಡಿಸಿದಳು. ನಾನು ಗೊಣಗುತ್ತಾ ಕಸಬರಿಗೆ ಹಿಡಿದೆ.

ಜೂನ್ ಬಂತು. ಶಾಲೆಗೆ ಹೊರಟಾಗ ಮಗಳು ತಾತನ ಧೋತರದ ಅಂಚು ಬಿಡಲಿಲ್ಲ, ಅವರೂ ಬಂದರು. ಟೀಚರು ಈ ಸಲ ಹೊಸಬರು, ಮೈಸೂರಿನ ಕಡೆಯವರು, ನಗುಮುಖದವರು. ಮಗಳನ್ನು ಹತ್ತಿರ ಕೂರಿಸಿಕೊಂಡು ಒಂದು ತಟ್ಟೆಯಲ್ಲಿ ಮರದ ಮಣಿಗಳನ್ನು ಇಟ್ಟು, "ಎಣಿಸು ಪುಟ್ಟಿ, ನೋಡೋಣ" ಎಂದರು.

ಮಗಳು ಸುಮ್ಮನೆ ಕೂತಳು. ಈ ವರ್ಷವೂ ವಾಪಸು ಕಳಿಸಿದರೆ ಅವಳಿಗೆ ತನ್ನಲ್ಲೇ ಏನೋ ಊನವಿದೆ ಎಂದು ಮನಸ್ಸಿಗೆ ಬಂದುಬಿಟ್ಟರೆ ಏನು ಮಾಡಲಿ ಎಂಬ ಚಿಂತೆ ನನಗೆ. ಬಾಗಿಲ ಹತ್ತಿರ ಕೂತಿದ್ದ ತಾತನ ಕಡೆ ಅವಳು ಒಮ್ಮೆ ನೋಡಿದಳು. ಆಮೇಲೆ ಒಂದು ಮಣಿಯನ್ನು ತನ್ನ ಕಡೆ ಎಳೆದುಕೊಂಡಳು.

"ಲಾಭ" ಎಂದಳು.

"ಏನಮ್ಮಾ?" ಟೀಚರು ಬಗ್ಗಿದರು.

"ಲಾಭ."

ಟೀಚರು ಗೊಂದಲದಲ್ಲಿ ನನ್ನ ಕಡೆ ನೋಡಿದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಮಗಳು ಇನ್ನೊಂದು ಮಣಿ ಎಳೆದಳು. "ಎರಡು." ಮತ್ತೊಂದು. "ಮೂರೂ." ಸಂತೆಯಲ್ಲಿ ಕಾಳು ಅಳೆಯುವವರ ಅದೇ ರಾಗ. "ನಾಕೂ, ಐದೂ..." ಧ್ವನಿ ಏರುತ್ತಾ ಹೋಯಿತು. ಒಂದು ವರ್ಷದಿಂದ ನಾನು ಕಾದಿದ್ದ ಧ್ವನಿ. ತಟ್ಟೆಯ ಇಪ್ಪತ್ತು ಮಣಿಯೂ ಮುಗಿಯುವವರೆಗೆ ಎಲ್ಲೂ ತಡೆಯಲಿಲ್ಲ. ನನಗೆ ಕಣ್ಣು ತುಂಬಿ ತಟ್ಟೆಯೇ ಕಾಣಲಿಲ್ಲ.

"ಇಪ್ಪತ್ತರವರೆಗೂ ಬರುತ್ತೆ, ಒಂದು ಮಾತ್ರ ಬರಲ್ಲ. ಇಂಥ ಮಗೂನ ನಾನು ನೋಡೇ ಇಲ್ಲ!" ಎಂದರು ಟೀಚರು.

ನನಗೆ ಆಗ ಹೊಳೆಯಿತು. ಕಾಳು ಅಳೆಯುವಾಗ ನಮ್ಮ ಕಡೆ ಮೊದಲನೆಯ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಅದನ್ನು ಹೇಗೆ ವಿವರಿಸುವುದೋ ಎಂದು ತಡವರಿಸುತ್ತಿರುವಾಗ ಮಾವನವರೇ ಎದ್ದು ನಿಂತರು. "ಮೊದಲನೇ ಅಳತಿಗೇ ಒಂದು ಅಂದ್ರ ಏಳಿಗಿ ಆಗಂಗಿಲ್ಲ ತಾಯಿ. ಅದಕ್ಕ ಲಾಭ ಅಂತ ಶುರು ಮಾಡೋದು."

ಟೀಚರು ಮನಸಾರೆ ನಕ್ಕರು. ನಕ್ಕು, ಮಗಳ ಗಲ್ಲ ಹಿಡಿದು, "ಅದು ಕಾಳಿಗೆ ಮಾತ್ರ ಪುಟ್ಟಿ. ಬೇರೆಯದಕ್ಕೆಲ್ಲ ಒಂದು ಅನ್ನಬೇಕು. ಈ ಪೆನ್ಸಿಲ್ ಎಷ್ಟು?" ಎಂದು ಕೇಳಿದರು.

"ಒಂದು."

"ಜಾಣೆ! ನಾಳೆಯಿಂದಲೇ ಶಾಲೆಗೆ ಬಾ." ಅಷ್ಟು ಹೇಳಿ, ಮಾತಿಗೆ ಮಾತು ಎನ್ನುವಂತೆ ನನ್ನ ಕಡೆ ತಿರುಗಿ, "ನಿಮ್ಮ ಮನೇಲಿ ಮಕ್ಕಳು ಎಷ್ಟು?" ಎಂದರು.

ಈ ಪ್ರಶ್ನೆಗೆ ನನಗೆ ಉತ್ತರ ಹೇಳಿ ಅಭ್ಯಾಸವಾಗಿದೆ. ನಮಗಿರುವವಳು ಇವಳೊಬ್ಬಳೇ. ಓಣಿಯವರು, ನೆಂಟರು, ಬಸ್ಸಿನಲ್ಲಿ ಪಕ್ಕ ಕೂತವರು ಕೂಡ "ಒಂದ ಏನು? ಅದೂ ಹೆಣ್ಣು?" ಎಂದು ಮರುಗುತ್ತಾರೆ. ಎಂದಿನಂತೆ ಮೆತ್ತಗೆ "ಒಬ್ಬಾಕೀನ ರೀ" ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳು ತನ್ನ ಎದೆಯ ಮೇಲೆ ಅಂಗೈ ಇಟ್ಟುಕೊಂಡು, ಆ ಕೋಣೆಗೆಲ್ಲ ಕೇಳುವ ಹಾಗೆ ಹೇಳಿದಳು:

"ಲಾಭ."