ಪಾರ್ಥಸಾರಥಿಯ ಕಾರು ತೂಕ ಇಳಿಸಿದ್ದು

ಎಲ್ಲಕ್ಕೂ ಮೂಲ ಒಂದು ಬೂರುಗದ ಹತ್ತಿಯ ದಿಂಬು. ಭಾನುವಾರ ಬೆಳಿಗ್ಗೆ ಕಾಫಿ ಕುಡಿದು ಮನೆಯ ಮುಂದಕ್ಕೆ ಬಂದ ಪಾರ್ಥಸಾರಥಿಗೆ, ತನ್ನ ಸ್ಪೋರ್ಟ್ಸ್ ಕಾರಿನ ಎಡಗಡೆಯ ಸೀಟಿನ ಮೇಲೆ ಹೂವಿನ ಗವಸು ತೊಟ್ಟ ಆ ದಿಂಬು ಹಾಯಾಗಿ ಕುಳಿತಿರುವುದು ಕಂಡಿತು. ದೇವರ ಮನೆಯಲ್ಲಿ ಚಪ್ಪಲಿ ಕಂಡವನಂತೆ ಅವನು ಹೌಹಾರಿದ.

ಮಂಡ್ಯದ ನೀರಾವರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕಾಗಿದ್ದ ಪಾರ್ಥಸಾರಥಿಗೆ ಲೋಕದಲ್ಲಿ ಇದ್ದ ಹುಚ್ಚು ಇದೊಂದೇ. ಎರಡೇ ಸೀಟಿನ, ತಲೆಯ ಮೇಲೆ ಸೂರಿಲ್ಲದ, ಹೊಟ್ಟೆ ನೆಲಕ್ಕೆ ತಾಗುವಂಥ ಹಸಿರು ಕಾರು. ಯಾವನೋ ಬಿಳಿಯ ದೊರೆ ದೇಶ ಬಿಟ್ಟು ಹೋಗುವಾಗ ಬಿಟ್ಟುಹೋದದ್ದು. ಮೈಸೂರಿನ ಗುಜರಿಯಲ್ಲಿ ಕೋಳಿಗಳು ಅದರೊಳಗೆ ಮೊಟ್ಟೆಯಿಡುತ್ತಿದ್ದಾಗ ಪಾರ್ಥಸಾರಥಿಯ ಕಣ್ಣಿಗೆ ಬಿದ್ದು ಮಂಡ್ಯಕ್ಕೆ ಬಂತು. ಬಂದ ದಿನದಿಂದಲೂ ಅವನ ಹೆಂಡತಿ ಗೋದಾ ಅದನ್ನು ಮನುಷ್ಯರು ಕೂರುವಂತೆ ಮಾಡಲು ಹೆಣಗುತ್ತಿದ್ದಳು. ಟಾರ್ಪಾಲಿನ ಸೂರು ಹಾಕಿಸಿದಳು, ಪರದೆ ಕಟ್ಟಿಸಿದಳು, ಬ್ಯಾಟರಿಯ ಫ್ಯಾನು ತರಿಸಿದಳು, ಕಾಫಿ ಫ್ಲಾಸ್ಕು ನೇತುಹಾಕಲು ಕೊಕ್ಕೆ ಹೊಡೆಸಿದಳು. ಮನೆಯಲ್ಲಿ ಶಾಂತಿಯಿರಲೆಂದು ಪಾರ್ಥಸಾರಥಿ ಅದನ್ನೆಲ್ಲ ನುಂಗಿಕೊಂಡಿದ್ದ. ದಿಂಬು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

"ಇವತ್ತು ರೇಸಿದೆ ಅಂತ ಗೊತ್ತಿದ್ದೂ ದಿಂಬು ಇಟ್ಟಿದೀಯಲ್ಲ! ಇದು ಓಡೋ ಕಾರು ಗೋದಾ, ಮಲಗೋ ಕಾರಲ್ಲ. ವಿಲಾಯಿತಿಯ ಹೊಸ ಸ್ಪೋರ್ಟ್ಸ್ ಕಾರುಗಳು ಕೆಟ್ಟು ಕೆರ ಹಿಡೀತಿರೋದೇ ಇದರಿಂದ. ರೇಡಿಯೋ ಅಂತೆ, ತಣ್ಣನೆ ಗಾಳಿ ಅಂತೆ, ಒತ್ತಿದರೆ ಇಳಿಯೋ ಗಾಜಂತೆ! ಅದು ಕಾರೇನೇ? ಚಕ್ರ ಇರೋ ಮಂಚ!"

ವಿಲಾಯಿತಿಯ ಹೊಸ ಕಾರನ್ನು ಅವನು ಕಣ್ಣಾರೆ ಕಂಡಿರಲಿಲ್ಲ. ಕ್ಷೌರದಂಗಡಿಯಲ್ಲಿ ಸಿಕ್ಕ ಒಂದು ಹರಕು ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದ್ದ. ಆದರೆ ಕೋಪಕ್ಕೆ ಅಷ್ಟು ಸಾಕಾಗಿತ್ತು.

"ಇದರಲ್ಲಿ ಮೇಲುಕೋಟೆಗೆ ಹೋಗಿ ಬಂದು ಸೊಂಟ ಹಿಡ್ಕೊಂಡು ನಾನು ಗೋಡೆ ಹಿಡ್ಕೊಂಡು ಓಡಾಡಿದ್ದು ಮರ್ತುಹೋಯ್ತೇ?" ಎಂದಳು ಗೋದಾ. "ಸರಿ, ಒಂದು ಮಾತು. ಇವತ್ತಿನ ರೇಸಲ್ಲಿ ನಿಮ್ಮ ಕಾರು ಗೆದ್ದರೆ ಮನೇಲಿರಲಿ, ನಾನು ದಿಂಬಿನ ಹೆಸರೇ ಎತ್ತಲ್ಲ. ಸೋತರೆ ನಾಳೆ ಬೆಳಿಗ್ಗೆ ಚೌಡಯ್ಯ ಬಂದು ಹೊಡ್ಕೊಂಡು ಹೋಗ್ತಾನೆ. ಪೆರುಮಾಳ್ ಆಣೆ ಮಾಡಿ."

ಚೌಡಯ್ಯ ಮದುವೆ ಮೆರವಣಿಗೆಗೆ ಕಾರು ಬಾಡಿಗೆಗೆ ಕೊಡುವವನು. ಅವನ ಕೈಗೆ ಸಿಕ್ಕ ಕಾರಿನ ಮೂತಿಗೆ ಬಣ್ಣದ ಕಾಗದದ ಹಂಸ ಏರುತ್ತಿತ್ತು, ಮೈತುಂಬ ಮಿಣಿಮಿಣಿ ದೀಪ ಹತ್ತುತ್ತಿತ್ತು. ತನ್ನ ಕಾರು ಹಂಸದ ಕತ್ತು ಹೊತ್ತು ಬ್ಯಾಂಡಿನವರ ಹಿಂದೆ ತೆವಳುವುದನ್ನು ಪಾರ್ಥಸಾರಥಿ ಕಣ್ಣ ಮುಂದೆಯೇ ಕಂಡ. ಹಟಕ್ಕೆ ಬಿದ್ದು ಆಣೆ ಮಾಡಿಬಿಟ್ಟ.

ಊರಿನ ಕ್ರೀಡಾ ಸಂಘದವರು ಏರ್ಪಡಿಸಿದ್ದ ರೇಸು ಅದು. ಮಂಡ್ಯದಿಂದ ಹೊರಟು, ಮದ್ದೂರು ಹಾದು, ಮಳವಳ್ಳಿಯ ಪ್ರವಾಸಿ ಬಂಗಲೆ ಮುಟ್ಟಬೇಕು. ಕಾರಿದ್ದವರೇ ಕಮ್ಮಿಯಾದ ಊರಿನಲ್ಲಿ ಕೊನೆಗೆ ಉಳಿದದ್ದು ಎರಡೇ ಹೆಸರು: ಪಾರ್ಥಸಾರಥಿಯದು, ಅಕ್ಕಿ ಗಿರಣಿಯ ಶಿವಯ್ಯನದು.

ಆಣೆ ಮುಗಿಯುವ ಹೊತ್ತಿಗೆ ಗೋದಾಳ ತಮ್ಮ ಕಸ್ತೂರಿರಂಗ ಸೈಕಲ್ಲಿನಲ್ಲಿ ಬಂದಿಳಿದ. ಬೇಸಾಯದ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಹೊಸ ಬತ್ತದ ತಳಿ ಕಂಡುಹಿಡಿಯುವುದು ಅವನ ಕೆಲಸ. ಬತ್ತದಲ್ಲಿ ಏನೂ ಸಿಕ್ಕದಾಗ ಬೇರೆಯವರ ವಿಷಯದಲ್ಲಿ ಏನಾದರೊಂದು ಕಂಡುಹಿಡಿಯುತ್ತಿದ್ದ.

"ಭಾವ, ನೀವು ಹೇಳ್ತಿರೋದೇ ಸರಿ. ಕಣದಲ್ಲಿ ಬತ್ತ ತೂರಲ್ವೇ? ಜೊಳ್ಳು ಹಾರಿಹೋಗ್ಬೇಕು, ಕಾಳು ಉಳೀಬೇಕು. ಕಾರಲ್ಲಿ ಸುಖ ಅನ್ನೋದೆಲ್ಲ ಜೊಳ್ಳು. ತೂರಿಬಿಡೋಣ."

ಮೆಕ್ಯಾನಿಕ್ ಚಿಕ್ಕಮಾದುವಿಗೆ ಹೇಳಿ ಕಳಿಸಿದರು. ಬಿಚ್ಚುವುದೆಂದರೆ ಚಿಕ್ಕಮಾದುವಿಗೆ ಹಬ್ಬ. ಮತ್ತೆ ಜೋಡಿಸುವುದರಲ್ಲಿ ಅವನಿಗೆ ಅಂಥ ಆಸಕ್ತಿ ಇರಲಿಲ್ಲ. ಸೂರು, ಪರದೆ, ಫ್ಯಾನು, ಕೊಕ್ಕೆ ಮೊದಲು ಹೋದವು. ಆಮೇಲೆ ಸೀಟುಗಳ ಸರದಿ ಬಂತು.

"ಸೀಟೂ ಬೇಡ್ವೇನೋ?" ಎಂದು ಪಾರ್ಥಸಾರಥಿ ಕೊಂಚ ಅಳುಕಿದ.

"ಕುಂತ್ಕಂಡು ಯಾರ್ ಸಾಮಿ ಗೆದ್ದಿರೋದು?" ಎಂದ ಚಿಕ್ಕಮಾದು. "ದೀಪ ಯಾಕೆ, ಅಗಲೊತ್ತು. ಈ ಕನ್ನಡಿ ಯಾಕೆ, ಮುಂದಿರೋನು ಇಂದಕ್ಕೆ ಯಾಕ್ ನೋಡ್ಬೇಕು? ಬುಡಿ, ಎಲ್ಲಾ ಕಿತ್ತಾಕ್ತೀನಿ."

ಬಾಗಿಲ ಜಾಗಕ್ಕೆ ಹಗ್ಗ ಬಂತು. ಹಾರನ್ನೂ ಹೋಯಿತು. ಕಿತ್ತದ್ದನ್ನೆಲ್ಲ ಅಕ್ಕಪಕ್ಕದ ಮನೆಯವರು ಜೋಪಾನ ಮಾಡುತ್ತೇವೆಂದು ಒಂದೊಂದಾಗಿ ಒಯ್ದರು. ಎದುರು ಮನೆಯ ಅಡುಗೆಮನೆಯಲ್ಲಿ ಆಗಲೇ ಫ್ಯಾನು ತಿರುಗುತ್ತಿತ್ತು. ಅಷ್ಟಾದರೂ ಚಿಕ್ಕಮಾದು ಕಾರಿನ ಹಿಂಬದಿ ಹಿಡಿದೆತ್ತಿ ತಲೆಯಾಡಿಸಿದ.

"ಇನ್ನೂ ಬಾರ ಅದೆ ಸಾಮಿ. ತೂಕಕ್ಕೆ ಆಕ್ಸಿಬುಡವಾ."

ಮಂಡ್ಯದಲ್ಲಿ ಕಾರು ತೂಗುವುದೆಂದರೆ ಕಬ್ಬಿನ ಗಾಡಿ ತೂಗುವ ಕಟ್ಟೆಯಲ್ಲೇ ತೂಗಬೇಕು. ಹಿಂದೆ ಮುಂದೆ ಗಾಡಿಗಳು ಸಾಲುಗಟ್ಟಿದ್ದವು. ತೂಕದ ಅಂಕಯ್ಯ ಕತ್ತೆತ್ತಿ ನೋಡದೆ ರೂಢಿಯಂತೆ ಕೇಳಿದ: "ಸೋಗೆಗೆ ಎಷ್ಟು ಕಳೀಲಿ?"

"ಇದು ಕಬ್ಬಲ್ಲ ಕಣಯ್ಯ, ಕಾರು!"

"ಯಾವ್ದಾದ್ರೇನು ಸಾಮಿ, ತ್ಯಾಜ್ಯ ಇದ್ದೇ ಇರ್ತದೆ."

"ಅವ್ನ ತಕ್ಕಡಿ ನಂಬಬ್ಯಾಡಿ ಸಾಮಿ!" ಎಂದು ಗಾಡಿಯವರೆಲ್ಲ ಒಂದೇ ಕೊರಳಲ್ಲಿ ಕೂಗಿದರು. ಮುಳ್ಳು ಎಲ್ಲಿ ನಿಂತಿದೆಯೆಂದು ನೋಡಲು ಪಾರ್ಥಸಾರಥಿ ಕಾರಿನಿಂದ ಇಳಿದ. ಇಳಿದದ್ದೇ ತಡ, ಮುಳ್ಳು ಸೋತ ಬಾವುಟದಂತೆ ಸರ್ರನೆ ಕೆಳಗಿಳಿಯಿತು. ಜನ "ಓ" ಎಂದರು.

ಕಸ್ತೂರಿರಂಗನ ಕಣ್ಣು ಹೊಳೆದವು. "ಭಾವ, ಇನ್ನೊಂದ್ಸಲ ಹತ್ತಿ. ಹಾಂ. ಇಳೀರಿ. ಮತ್ತೆ ಹತ್ತಿ. ಇಳೀರಿ." ಮುಳ್ಳು ಏರಿತು, ಇಳಿಯಿತು. ವಿಜ್ಞಾನಿ ನಿಟ್ಟುಸಿರು ಬಿಟ್ಟ. "ಸಿಕ್ತು ಭಾವ. ಕಾರಲ್ಲಿ ಉಳಿದಿರೋ ಜೊಳ್ಳು ಅಂದ್ರೆ ನೀವೊಬ್ರೇ."

ಪಾರ್ಥಸಾರಥಿ ದಪ್ಪಗಿದ್ದದ್ದು ನಿಜ. ಗೋದಾಳ ಪುಳಿಯೋಗರೆ ಸುಮ್ಮನೆ ಹೋಗುತ್ತದೆಯೇ? ಆದರೆ ನಾಲ್ಕು ಜನರೆದುರು, ಅದೂ ಕಬ್ಬಿನ ಗಾಡಿಯವರೆದುರು, ಹೀಗೆ ಲೆಕ್ಕಕ್ಕೆ ಬರುತ್ತೇನೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

"ನಾನಿಲ್ಲದೆ ಕಾರು ಓಡಿಸೋರು ಯಾರೋ?" ಎಂದು ಗುಡುಗಿದ. ಆ ಪ್ರಶ್ನೆ ಎಲ್ಲರಿಗೂ ನಾಟಿತು. ಕಸ್ತೂರಿರಂಗನಿಗೆ ಸೈಕಲ್ಲು ಬಿಟ್ಟರೆ ಬೇರೆ ಬಾರದು. ಚಿಕ್ಕಮಾದುವಿಗೆ ಬಿಚ್ಚುವುದು ಬಿಟ್ಟರೆ ಬೇರೆ ಬಾರದು.

"ನಂಗೆ ಬರುತ್ತಲ್ಲ," ಎಂದಿತು ಹಿಂದಿನಿಂದ ಒಂದು ದನಿ. ಮೊಸರನ್ನದ ಡಬ್ಬಿ ಹಿಡಿದು ಬಂದಿದ್ದ ಗೋದಾ. "ಕಾಕನಕೋಟೆಯಲ್ಲಿ ಅಪ್ಪ ರೇಂಜರಾಗಿದ್ದಾಗ ಜೀಪು ಕಲಿಸಿದ್ರು. ಲೈಸೆನ್ಸೂ ಇದೆ."

"ಇಷ್ಟು ವರ್ಷ ಹೇಳೇ ಇಲ್ವಲ್ಲೇ!"

"ನೀವು ಕೇಳ್ಲೇ ಇಲ್ವಲ್ಲ."

ಅವಳು ಕಾರು ಹತ್ತಿದಳು. ಮುಳ್ಳು ಅತ್ತಿತ್ತ ಅಲ್ಲಾಡಿ ನಿಂತಲ್ಲೇ ನಿಂತಿತು. ಅಂಕಯ್ಯ ಮೊದಲ ಬಾರಿಗೆ ಕತ್ತೆತ್ತಿ, "ಇದ್ರಲ್ಲಿ ಕಳೆಯಕ್ಕೆ ಏನೂ ಇಲ್ಲ ಬುಡಿ," ಎಂದ. ಗಾಡಿಯವರು ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆಯ ನಡುವೆ ಪಾರ್ಥಸಾರಥಿಗೆ ತಟ್ಟನೆ ಹೊಳೆಯಿತು. ಕಾರು ಸೋಲಬೇಕೆಂದು ಈ ಲೋಕದಲ್ಲಿ ಯಾರಿಗಾದರೂ ಆಸೆಯಿದ್ದರೆ ಅದು ಗೋದಾಳಿಗೆ. ಅವಳು ನಿಧಾನವಾಗಿ ಓಡಿಸಿದರೆ ಸಾಕು, ನಾಳೆ ಬೆಳಿಗ್ಗೆ ಚೌಡಯ್ಯ, ಹಂಸ, ದೀಪ! ಬೇಡವೆನ್ನಲು ಬಾಯಿ ತೆರೆದ. ಆದರೆ ಅವಳ ಕೊರಳಿಗೆ ಯಾರೋ ಆಗಲೇ ಹಾರ ಹಾಕಿದ್ದರು.

ರೇಸು ಹೊರಡುವಲ್ಲಿ ಶಿವಯ್ಯನ ಅಂಬಾಸಿಡರ್ ಮದುಮಗಳಂತೆ ಸಿಂಗರಿಸಿಕೊಂಡು ನಿಂತಿತ್ತು. ಒಳಗೆ ಮೆತ್ತೆ, ಒರಗುದಿಂಬು, ಫ್ಯಾನು, ಕಿಟಕಿಗೆ ರೇಷ್ಮೆ ಪರದೆ, ಹೂಜಿಯಲ್ಲಿ ನೀರು, ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಎಲೆ ಅಡಿಕೆ ಮೆಲ್ಲುತ್ತಿದ್ದ ಶಿವಯ್ಯನ ತಾಯಿ ದೇವಿರಮ್ಮ.

"ಗೆಲ್ಲೋದು ಸೋಲೋದು ಆಮೇಲೆ ಸಾಮ್ಯೋರೆ, ಓಗೋವಾಗ ಸುಕವಾಗಿ ಓಗ್ಬೇಕು," ಎಂದ ಶಿವಯ್ಯ. "ಅಮ್ನೋರು ಓಡಿಸ್ತಾರಂತಲ್ಲ, ನೀವ್ಯಾಕೆ ಬಿಸಿಲಲ್ಲಿ ನಿಂತಿದ್ದೀರಿ? ನಮ್ ಗಾಡೀಲೇ ಬನ್ನಿ."

ಎದುರಾಳಿಯ ಕಾರಿನಲ್ಲಿ ಕೂರುವುದೇ? ಆದರೆ ಮಳವಳ್ಳಿಯಲ್ಲಿ ತನ್ನ ಕಾರಿನ ಗತಿ ಏನಾಗುತ್ತದೆಂದು ನೋಡಲು ಬೇರೆ ದಾರಿಯಿರಲಿಲ್ಲ. ಹತ್ತಿದ. ಅಂಬಾಸಿಡರ್ ಒಂದು ಕಡೆಗೆ ವಾಲಿ ನರಳಿತು.

ಬಾವುಟ ಬೀಸಿದರು. ಗೋದಾ ಸೆರಗು ಸಿಕ್ಕಿಸಿ, ಅಡುಗೆಮನೆಯ ಮಣೆಯ ಮೇಲೆ ಕೂತು, ಗೇರು ಹಾಕಿದಳು. ಕಾರು ಕೆಮ್ಮಿ, ಕುಪ್ಪಳಿಸಿ, ಕಬ್ಬಿನ ಗಾಡಿಯೊಂದರ ಹಿಂದೆ ಎತ್ತಿನ ನಡಿಗೆಯಲ್ಲಿ ಹೊರಟಿತು. ಊರಾಚೆಯ ತಿರುವಿನಲ್ಲೇ ಶಿವಯ್ಯ ಅವಳನ್ನು ಹಿಂದೆ ಹಾಕಿದ. ಗೋದಾ ನಕ್ಕು ಕೈ ಬೀಸಿದಳು. ಆ ನಗು ಕಂಡು ಪಾರ್ಥಸಾರಥಿಗೆ ಅನುಮಾನವೇ ಉಳಿಯಲಿಲ್ಲ. ಇವಳು ಸೋಲಲೆಂದೇ ಹೊರಟಿದ್ದಾಳೆ. ಇನ್ನು ಕಾರು ಉಳಿಯಬೇಕಾದರೆ ಅಂಬಾಸಿಡರನ್ನು ತಾನೇ ತಡೆಯಬೇಕು.

"ಶಿವಯ್ಯನೋರೆ, ಒಂದು ಲೋಟ ನೀರು," ಎಂದ ಮೊದಲು. ಮಂಡ್ಯದ ಸೀಮೆಯಲ್ಲಿ ಅತಿಥಿ ನೀರು ಕೇಳಿದರೆ ಗಾಡಿ ನಿಲ್ಲಿಸದೆ ಕೊಡುವವರುಂಟೇ? ಶಿವಯ್ಯ ನಿಲ್ಲಿಸಿದ. ನೀರಾದ ಮೇಲೆ, ನೀರು ಕುಡಿದವರು ಇಳಿಯಬೇಕಾದ ಕೆಲಸಕ್ಕೆ ನಿಲ್ಲಿಸಿದ. ಶಿವಪುರ ಬಂದಾಗ ಪಾರ್ಥಸಾರಥಿಗೆ ಎಲ್ಲಿಲ್ಲದ ದೇಶಭಕ್ತಿ ಉಕ್ಕಿತು.

"ಸತ್ಯಾಗ್ರಹದಲ್ಲಿ ಬಾವುಟ ಹಾರಿಸಿದ ಜಾಗ! ಇಳಿದು ಕೈ ಮುಗೀದೆ ಹೋದರೆ ನಾವು ಮನುಷ್ಯರೇ?"

"ದಿಟ ಕಣ್ಲಾ ಸಿವಯ್ಯ, ನಿಲ್ಸು," ಎಂದಳು ದೇವಿರಮ್ಮ. "ನಿಮ್ಮಪ್ಪ ಇಲ್ಲೇ ಏಟು ತಿಂದಿದ್ದು." ಗಂಡ ಏಟು ತಿಂದ ಕತೆಯನ್ನು ಅವಳು ಮೊದಲಿನಿಂದ ಹೇಳಿದಳು. ಪಾರ್ಥಸಾರಥಿ ನಡುವೆ ನಡುವೆ "ಆಮೇಲೆ?" ಎಂದು ಕೇಳುತ್ತಲೇ ಇದ್ದ.

ಮದ್ದೂರಿನಲ್ಲಿ ವಡೆ ತಿನ್ನದೆ ಹೋಗಬಾರದೆಂದ. ಹೋಟೆಲಿನಲ್ಲಿ ರಸ್ತೆ ಕಾಣದ ಒಳಕೋಣೆಯಲ್ಲಿ ಕೂತು, ವಡೆಯ ಮೇಲೆ ಕಾಫಿ, ಕಾಫಿಯ ಮೇಲೆ ಇನ್ನೊಂದು ವಡೆ ತರಿಸಿದ. ಮತ್ತೆ ಕಾರು ಹತ್ತಿದಾಗ ಒರಗುದಿಂಬು ಬೆನ್ನಿಗೆ ತಾಗಿತು, ಫ್ಯಾನಿನ ಗಾಳಿ ಮುಖಕ್ಕೆ ಬಂತು. ಹಾಳಾದ್ದು, ಹಿತವಾಗಿತ್ತು. ತನ್ನ ತತ್ವಕ್ಕೆ ತಾನೇ ದ್ರೋಹ ಮಾಡುತ್ತಿದ್ದೇನೆಂದು ನಾಚುತ್ತಲೇ ನಿದ್ದೆ ಹೋದ. ಏರು ರಸ್ತೆಯಲ್ಲಿ ಅಂಬಾಸಿಡರ್ ಉಸಿರುಗಟ್ಟಿ ಏದುವುದು, "ಯಾಕೋ ಗಾಡಿ ಏಳ್ತಾನೇ ಇಲ್ವಲ್ಲವ್ವ," ಎಂದು ಶಿವಯ್ಯ ಗೊಣಗುವುದು ಅವನಿಗೆ ಕೇಳಿಸಲಿಲ್ಲ.

ಮಳವಳ್ಳಿಯಲ್ಲಿ ಕಣ್ಣು ಬಿಟ್ಟರೆ ಬಂಗಲೆಯ ಮುಂದೆ ಹಸಿರು ಕಾರು ನಿಂತಿತ್ತು. ಪಕ್ಕದಲ್ಲಿ ಕೆದರಿದ ಕೂದಲು, ಮುಖದ ತುಂಬ ಧೂಳು, ಕೈಯಲ್ಲಿ ಬಹುಮಾನದ ಬೆಳ್ಳಿಯ ಬಟ್ಟಲು ಹಿಡಿದ ಗೋದಾ ಪಕಪಕ ನಗುತ್ತಿದ್ದಳು. ಅಷ್ಟು ಚೆಲುವಾಗಿ ಅವಳು ಧಾರೆಯ ದಿನವೂ ಕಂಡಿರಲಿಲ್ಲ.

"ಎಲ್ಲಿ ಹೋಗಿದ್ರಿ? ನಾನು ಬಂದು ಆಗಲೇ ಊರು ಸುತ್ತಿ ಬಂದೆ!" ಎಂದಳು. "ನಿಜ ಹೇಳ್ತೀನಿ, ಸೋಲ್ಬೇಕು ಅಂತ್ಲೇ ಹೊರಟಿದ್ದೆ. ಮೂರನೇ ಗೇರಿಗೆ ಬಿದ್ದಮೇಲೆ ಕಾಲು ಮಾತೇ ಕೇಳ್ಲಿಲ್ಲ. ಇಷ್ಟು ದಿನ ಪಕ್ಕದಲ್ಲಿ ಕೂತು ಸೊಂಟ ಸೊಂಟ ಅಂತಿದ್ನಲ್ಲ, ಓಡಿಸೋರಿಗೆ ನೋವೇ ಗೊತ್ತಾಗಲ್ಲ ನೋಡಿ."

ಪಾರ್ಥಸಾರಥಿಗೆ ಕುಣಿಯುವಷ್ಟು ಸಂತೋಷವಾಯಿತು. "ಹಾಗಾದ್ರೆ ಕಾರು ಮನೇಲಿರುತ್ತೆ!"

"ಇರದೇ ಏನು? ಮೈಸೂರಿನ ರೇಸಿಗೆ ನನ್ನ ಹೆಸರು ಕೊಟ್ಟಾಯ್ತು."

ಅವನು ಹಗ್ಗ ದಾಟಿ ಒಳಗೆ ಕಾಲಿಡಲು ಹೋದ. ಗೋದಾ ತಡೆದಳು.

"ನೀವೆಲ್ಲಿಗೆ? ರೇಸಿನ ಕಾರಿಗೆ ಭಾರ ಹಾಕಬಾರದಂತೆ. ರಂಗ ಹೇಳಿದಾನೆ. ಮೊಸರನ್ನ ಮುಚ್ಚಿಟ್ಟಿರ್ತೀನಿ, ನಿಧಾನಕ್ಕೆ ಬನ್ನಿ."

ಕಾರು ಧೂಳೆಬ್ಬಿಸಿ ಮಾಯವಾಯಿತು. ಹೋಗಲಿ, ಅಂಬಾಸಿಡರಾದರೂ ಇದೆಯಲ್ಲ ಎಂದು ಪಾರ್ಥಸಾರಥಿ ತಿರುಗಿದ. ಶಿವಯ್ಯ ಪಂಚೆ ಎತ್ತಿ ಕಟ್ಟಿ, ತನ್ನ ಕಾರಿನೊಳಗಿನಿಂದ ಒಂದೊಂದೇ ಸಾಮಾನು ರಸ್ತೆಗೆ ಎಸೆಯುತ್ತಿದ್ದ. ಮೆತ್ತೆ ಬಂತು, ಒರಗುದಿಂಬು ಬಂತು, ಫ್ಯಾನು, ಪರದೆ, ಹೂಜಿ ಬಂದವು.

"ಬುದ್ಧಿ ಬಂತು ಸಾಮ್ಯೋರೆ! ನೀವು ಯೋಳ್ತಿದ್ದುದ್ದೇ ದಿಟ. ಓಡೋ ಗಾಡಿಗೆ ಸುಕ ಇರಬಾರ್ದು. ಮೈಸೂರಲ್ಲಿ ಅಮ್ನೋರನ್ನ ಸೋಲ್ಸದಿದ್ರೆ ನಾ ಸಿವಯ್ಯನೇ ಅಲ್ಲ. ಅವ್ವನ್ನ ಇಳ್ಸಕ್ಕಾಗಲ್ಲ, ಎತ್ತ ತಾಯಿ. ನೀವು ಬ್ಯಾಸರ ಮಾಡ್ಕಬ್ಯಾಡಿ. ನಾಳೆ ಲಾರಿ ಕಳಿಸ್ತೀನಿ, ಅಲ್ಲೀಗಂಟ ಈ ಸಾಮಾನು ನೋಡ್ಕಂಡು ಕುಂತಿರಿ."

ಹಗುರಾದ ಅಂಬಾಸಿಡರ್ ಕರುವಿನಂತೆ ನೆಗೆದು ಓಡಿತು. ದೇವಿರಮ್ಮ ಕಿಟಕಿಯಿಂದ ತಲೆ ಹಾಕಿ, "ಒರಗುದಿಂಬಿಗೆ ಮಣ್ಣಾಗದಂಗೆ ನೋಡ್ಕ ಕಣಪ್ಪ," ಎಂದು ಕೂಗಿ ಹೇಳಿದಳು.

ಪಾರ್ಥಸಾರಥಿ ರಸ್ತೆ ಬದಿಯ ಹುಣಸೆಮರದಡಿ ಮೆತ್ತೆ ಹಾಸಿ, ಒರಗುದಿಂಬಿಗೆ ಆತು ಕೂತ. ಎಡಕ್ಕೆ ಹೂಜಿ, ಬಲಕ್ಕೆ ಫ್ಯಾನು, ತೊಡೆಯ ಮೇಲೆ ರೇಷ್ಮೆ ಪರದೆ. ಲೋಕದಲ್ಲಿ ಒಂದು ಕಾರಿಗೆ ಇರಬಹುದಾದ ಸುಖವೆಲ್ಲ ಅವನ ಸುತ್ತ ಇತ್ತು, ಕಾರೊಂದನ್ನು ಬಿಟ್ಟು. ನಿಜ ಹೇಳಬೇಕೆಂದರೆ ಹಾಯಾಗಿಯೇ ಇತ್ತು. ಅದಕ್ಕೇ ಅವನಿಗೆ ಅಳು ಬಂತು.

ದಾರಿಯಲ್ಲಿ ಹೋಗುತ್ತಿದ್ದ ರೈತನೊಬ್ಬ ನಿಂತು ನೋಡಿ, ಹತ್ತಿರ ಬಂದು, ಮೆತ್ತೆಯನ್ನು ಒಂದು ಸಲ ಅಮುಕಿದ.

"ಸಾಮಿ, ಇದು ಯಾಪಾರಕ್ಕೋ, ಇಲ್ಲಾ ನಿಮ್ಮನ್ನೂ ಮನೆಯಿಂದ ಆಚೆಗೆ ಆಕವ್ರೋ?"